ದೂರವಾಣಿ ವಂಚನೆ: ಭಯವೂ ಆತುರವೂ

ಋತುಚರ್ಯೆ, ಪಥ್ಯ, ಮಧುಮೇಹ, ಸಂಧಿವಾತಗಳ ಕುರಿತು ಬರೆಯುವ ಈ ಪುಟಗಳಲ್ಲಿ ಮೊಬೈಲ್ ಫೋನಿನ ವಂಚನೆಗೇನು ಕೆಲಸವೆಂದು ಸದ್ಭಕ್ತರು ಕೇಳಬಹುದು. ಕೇಳುವುದು ಸಹಜವೇ. ಆದರೆ ಇತ್ತೀಚಿನ ಕೆಲವು ವರ್ಷಗಳಿಂದ ನಿದ್ರೆ ಬಾರದೆಂದು, ಎದೆ ಹೊಡೆದುಕೊಳ್ಳುತ್ತದೆಂದು, ಅನ್ನ ಸೇರದೆಂದು ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಕೆಲವರ ವ್ಯಾಧಿಯ ಮೂಲವನ್ನು ಹುಡುಕುತ್ತ ಹೋದರೆ ಅದು ಆಹಾರದಲ್ಲಾಗಲಿ ವಿಹಾರದಲ್ಲಾಗಲಿ ಸಿಗುವುದಿಲ್ಲ. ಯಾವುದೋ ಒಂದು ಫೋನ್ ಕರೆಯಲ್ಲಿ ಸಿಗುತ್ತದೆ. ರೋಗದ ನಿದಾನವನ್ನು ತಿಳಿಯದೆ ಚಿಕಿತ್ಸೆಗೆ ಕೈಹಾಕಬಾರದೆಂಬುದು ನಾವು ಕಲಿತ ಶಾಸ್ತ್ರದ ಮೊದಲ ಪಾಠ. ಆದುದರಿಂದ ಈ ತಿಂಗಳು ಈ ನಿದಾನದ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಆಯುರ್ವೇದದಲ್ಲಿ ರೋಗಿಗೆ 'ಆತುರ' ಎಂದು ಹೆಸರು. ಕನ್ನಡದಲ್ಲಿ ಆತುರವೆಂದರೆ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಫೋನಿನಲ್ಲಿ ಮೋಸ ಮಾಡುವವರು ಈ ಎರಡೂ ಅರ್ಥಗಳನ್ನು ಚೆನ್ನಾಗಿ ಬಲ್ಲವರು. ಮೊದಲು ನಮ್ಮಲ್ಲಿ ಆತುರವನ್ನು ಹುಟ್ಟಿಸುತ್ತಾರೆ. ಅದರಿಂದ ನಾವು ಆತುರರಾಗುತ್ತೇವೆ. ಅವರ ಬಳಿ ಇರುವ ಯಂತ್ರಗಳು ನಾವು ಊಹಿಸಿದಷ್ಟು ದೊಡ್ಡವಲ್ಲ. ಬಹುಪಾಲು ಪ್ರಕರಣಗಳಲ್ಲಿ ಬ್ಯಾಂಕಿನ ಬೀಗವನ್ನು ಅವರು ಒಡೆಯುವುದೇ ಇಲ್ಲ. ಹೆದರಿದ ಮನುಷ್ಯನ ಕೈಯಿಂದಲೇ ಅದನ್ನು ತೆಗೆಸುತ್ತಾರೆ.

'ಡಿಜಿಟಲ್ ಅರೆಸ್ಟ್' ಎಂಬುದನ್ನೇ ನೋಡೋಣ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂದೋ, ನಿಮ್ಮ ಆಧಾರ್ ಬಳಸಿ ಯಾರೋ ಸಿಮ್ ಪಡೆದು ಅಪರಾಧ ಎಸಗಿದ್ದಾರೆ ಎಂದೋ ಕರೆ ಬರುತ್ತದೆ. ಮೊದಲು ಮಾತನಾಡುವವನು ಮೃದುವಾಗಿ, ಸಹಾಯ ಮಾಡುವವನಂತೆ ಮಾತನಾಡುತ್ತಾನೆ. ಬಳಿಕ ಕರೆಯನ್ನು 'ಮುಂಬೈ ಪೊಲೀಸರಿಗೆ' ಅಥವಾ 'ಸಿಬಿಐಗೆ' ವರ್ಗಾಯಿಸುತ್ತಾನೆ. ವಿಡಿಯೊ ಕರೆಯಲ್ಲಿ ಸಮವಸ್ತ್ರ ಧರಿಸಿದವನೊಬ್ಬ ಕಾಣಿಸಿಕೊಳ್ಳುತ್ತಾನೆ; ಅವನ ಹಿಂದೆ ಠಾಣೆಯಂತಹ ಗೋಡೆ, ಲಾಂಛನ, ಧ್ವಜ. ವಾಟ್ಸ್‌ಆ್ಯಪ್‌ನಲ್ಲಿ ನ್ಯಾಯಾಲಯದ ಮೊಹರುಳ್ಳ ಬಂಧನದ ಆದೇಶ ಬರುತ್ತದೆ. ಅನಂತರ ಮೂರು ಆಜ್ಞೆಗಳು: ಕ್ಯಾಮೆರಾದ ಮುಂದಿನಿಂದ ಏಳಕೂಡದು, ಕರೆಯನ್ನು ಕಡಿಯಕೂಡದು, ಯಾರಿಗೂ ಹೇಳಕೂಡದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹೀಗೆಯೇ ಕೂರಿಸಿ, ಕೊನೆಗೆ 'ಪರಿಶೀಲನೆಗಾಗಿ' ನಿಮ್ಮ ಠೇವಣಿಯ ಹಣವನ್ನೆಲ್ಲ ಒಂದು ಖಾತೆಗೆ ವರ್ಗಾಯಿಸಿರಿ, ತನಿಖೆ ಮುಗಿದೊಡನೆ ಹಿಂತಿರುಗುತ್ತದೆ ಎನ್ನುತ್ತಾರೆ. ಹಣ ಹೋದ ಮೇಲೆ ಆ ಮುಖ ಮತ್ತೆ ಕಾಣುವುದಿಲ್ಲ.

ಅಕ್ಷರ ಬಾರದವರು ಮಾತ್ರ ಇಂತಹದಕ್ಕೆ ಸಿಲುಕುತ್ತಾರೆಂಬ ಭಾವನೆ ನಮ್ಮಲ್ಲಿ ಇದ್ದರೆ ಅದನ್ನು ಬಿಡಬೇಕು. 2024ರಲ್ಲಿ ವರ್ಧಮಾನ್ ಜವಳಿ ಸಮೂಹದ ಅಧ್ಯಕ್ಷರೂ ಪದ್ಮಭೂಷಣ ಪುರಸ್ಕೃತರೂ ಆದ ಎಸ್.ಪಿ. ಓಸ್ವಾಲ್ ಅವರನ್ನು ಇದೇ ರೀತಿ ಬೆದರಿಸಿ, ಸರ್ವೋಚ್ಚ ನ್ಯಾಯಾಲಯದ ಸುಳ್ಳು ವಿಚಾರಣೆಯನ್ನೇ ವಿಡಿಯೊದಲ್ಲಿ ನಡೆಸಿ, 7 ಕೋಟಿ ರೂಪಾಯಿ ದೋಚಿದರು. ಸಾವಿರಾರು ಜನರಿಗೆ ಉದ್ಯೋಗ ಕೊಟ್ಟ, ಎಂಬತ್ತು ದಾಟಿದ ಅನುಭವಿ ಅವರು. ಅವರು ದೂರು ಕೊಟ್ಟ ಮೇಲೆ ಪಂಜಾಬ್ ಪೊಲೀಸರು ಅದರಲ್ಲಿ 5 ಕೋಟಿಗೂ ಹೆಚ್ಚು ಹಣವನ್ನು ತಡೆದು ವಾಪಸು ತಂದರು. ನಡೆದುದನ್ನು ಅವರು ಮುಚ್ಚಿಡಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆ ಮಾತಿಗೆ ಮುಂದೆ ಬರುತ್ತೇವೆ.

ಜಾಣರೂ ಹೀಗೇಕೆ ಮೋಸಹೋಗುತ್ತಾರೆ? ಚರಕಾಚಾರ್ಯರು 'ಪ್ರಜ್ಞಾಪರಾಧ'ವೆಂಬ ಒಂದು ಕಾರಣವನ್ನು ಹೇಳಿದ್ದಾರೆ. ಧೀ, ಧೃತಿ, ಸ್ಮೃತಿ, ಅಂದರೆ ವಿವೇಚಿಸುವ ಶಕ್ತಿ, ಮನಸ್ಸನ್ನು ತಡೆದು ನಿಲ್ಲಿಸುವ ಶಕ್ತಿ, ತಿಳಿದದ್ದನ್ನು ವೇಳೆಗೆ ನೆನೆಯುವ ಶಕ್ತಿ, ಈ ಮೂರೂ ಜಾರಿದಾಗ ಮನುಷ್ಯನು ತನಗೆ ಅಹಿತವಾದುದನ್ನು ತಾನೇ ಮಾಡಿಕೊಳ್ಳುತ್ತಾನೆ. ಭಯವು ಈ ಮೂರನ್ನೂ ಒಟ್ಟಿಗೆ ಕೆಡಿಸುತ್ತದೆ. ಭಯದಿಂದ ವಾತವು ಪ್ರಕೋಪಗೊಳ್ಳುತ್ತದೆ. ಬಾಯಿ ಒಣಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಎದೆಬಡಿತ ಏರುತ್ತದೆ. ಭಯದಿಂದ ಹುಟ್ಟುವ ಅತಿಸಾರವನ್ನು ಚರಕಸಂಹಿತೆ ಪ್ರತ್ಯೇಕವಾಗಿಯೇ ಎಣಿಸಿದೆ ಎಂದರೆ ಹೆದರಿಕೆ ಶರೀರವನ್ನು ಎಷ್ಟು ಆಳಕ್ಕೆ ಹಿಡಿಯುತ್ತದೆಂಬುದು ತಿಳಿಯುತ್ತದೆ. ಹೆದರಿದವನಿಗೆ 'ಯೋಚಿಸು' ಎಂದರೆ ಪ್ರಯೋಜನವಿಲ್ಲ. ಮೊದಲು ಅವನ ಶರೀರ ತಣಿಯಬೇಕು.

ನಮ್ಮಲ್ಲಿಗೆ ಬಂದ ನಿವೃತ್ತ ಶಿಕ್ಷಕಿಯೊಬ್ಬರ ಪ್ರಸಂಗವನ್ನು ಗುರುತು ಮರೆಸಿ ಹೇಳಬಹುದು. ರಕ್ತದೊತ್ತಡಕ್ಕೆ ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುವವರು. ಒಮ್ಮೆಲೇ ಒತ್ತಡ ಮೇಲೇರಿತ್ತು, ನಿದ್ರೆ ಹೋಗಿತ್ತು, ಫೋನ್ ಸದ್ದು ಮಾಡಿದರೆ ಬೆಚ್ಚುತ್ತಿದ್ದರು. ಉಪ್ಪು, ಎಣ್ಣೆ, ಉಪ್ಪಿನಕಾಯಿಗಳ ಲೆಕ್ಕವೆಲ್ಲ ಮುಗಿದ ಮೇಲೆ, ಜೊತೆಗೆ ಬಂದ ಸೊಸೆಯನ್ನು ಹೊರಗೆ ಕೂರಿಸಿ, 'ಅಮ್ಮಾ, ಮನಸ್ಸಿಗೆ ಏನಾದರೂ ಹತ್ತಿಕೊಂಡಿದೆಯೇ?' ಎಂದು ಕೇಳಿದೆವು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕುಳಿತಿದ್ದರಂತೆ. ಮನೆಯವರು ಊಟಕ್ಕೆ ಕರೆದರೆ ತಲೆನೋವೆಂದು ಹೇಳಿದ್ದರಂತೆ. ಆ ಎರಡು ದಿನ ಒತ್ತಡದ ಮಾತ್ರೆಯನ್ನೂ ನುಂಗಿರಲಿಲ್ಲ. ನಿವೃತ್ತಿಯ ವೇಳೆ ಬಂದ ಹಣದ ಒಂದು ಭಾಗ ಹೋಗಿತ್ತು. 'ಹಣ ಹೋದದ್ದಕ್ಕಿಂತ, ಮಕ್ಕಳಿಗೆ ಪಾಠ ಹೇಳಿದವಳು ನಾನೇ ಹೀಗೆ ಮಾಡಿಕೊಂಡೆನಲ್ಲ ಎಂಬುದೇ ನುಂಗಲಾಗದು' ಎಂದರು. ಸೊಸೆಯನ್ನು ಒಳಗೆ ಕರೆದು ನಮ್ಮೆದುರಿನಲ್ಲಿಯೇ ಹೇಳಿಸಿದೆವು. ಆ ಹೆಣ್ಣುಮಗಳು ಒಂದು ಮಾತನ್ನೂ ಆಡದೆ ಅತ್ತೆಯ ಕೈ ಹಿಡಿದುಕೊಂಡಳು. ಆ ರಾತ್ರಿ ಅವರಿಗೆ ಬಂದ ನಿದ್ರೆಯ ಶ್ರೇಯಸ್ಸು ನಮ್ಮ ಔಷಧಕ್ಕೆ ಸಲ್ಲಬೇಕಾದುದಲ್ಲ.

ಭಾರತದ ಯಾವ ಕಾನೂನಿನಲ್ಲಿಯೂ ಫೋನಿನ ಮೂಲಕ ಬಂಧಿಸುವ ಪದ್ಧತಿ ಇಲ್ಲ. ಪೊಲೀಸರಾಗಲಿ, ಸಿಬಿಐ ಆಗಲಿ, ನ್ಯಾಯಾಲಯವಾಗಲಿ ವಿಡಿಯೊ ಕರೆಯಲ್ಲಿ ಕೂರಿಸಿ ಹಣ ಕೇಳುವುದಿಲ್ಲ. 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್' ಭಾಷಣದಲ್ಲಿ ಪ್ರಧಾನಿಯವರೂ ಇದನ್ನೇ ಹೇಳಿ, ನಿಲ್ಲಿರಿ, ಯೋಚಿಸಿರಿ, ಕ್ರಮ ಕೈಗೊಳ್ಳಿರಿ ಎಂದು ಎಚ್ಚರಿಸಿದರು. ವೈದ್ಯರಾಗಿ ನಾವು ಆ 'ನಿಲ್ಲಿರಿ' ಎಂಬುದಕ್ಕೆ ಇನ್ನಷ್ಟು ಒತ್ತು ಕೊಡುತ್ತೇವೆ. ಅಂತಹ ಕರೆ ಬಂದೊಡನೆ ಉತ್ತರ ಕೊಡಬೇಡಿರಿ, ವಾದಿಸಬೇಡಿರಿ; ಕಡಿಯಿರಿ. ಕುಳಿತಲ್ಲಿಂದ ಏಳಿರಿ. ಫೋನನ್ನು ಅಲ್ಲಿಯೇ ಬಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿಯಿರಿ. ಅಂಗಳಕ್ಕೆ ಬಂದು ನೆರೆಯವರನ್ನು ಕರೆದು ಮಾತನಾಡಿಸಿರಿ. ಹವೆಯ ಮಾತಾದರೂ ಸರಿ. ಐದು ನಿಮಿಷ ಕಳೆದ ಮೇಲೆ ಎದೆಬಡಿತ ಇಳಿಯುತ್ತದೆ, ಧೀ ಮರಳುತ್ತದೆ. ಬೆಳಗಿನ ಇಷ್ಟಲಿಂಗಪೂಜೆಯ ಹೊತ್ತಿನಲ್ಲಿ ಕರೆ ಬಂದರೆ ನಾವು ಯಾರೂ ಎತ್ತುವುದಿಲ್ಲ. ಅದರಿಂದ ಇದುವರೆಗೆ ಲೋಕವೇನೂ ಮುಳುಗಿಲ್ಲ. ಎದೆಯಲ್ಲಿ ನೋವು, ಬೆವರು, ಉಸಿರುಕಟ್ಟು ಕಾಣಿಸಿಕೊಂಡರೆ ಮಾತ್ರ ಉಳಿದುದೆಲ್ಲವನ್ನೂ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು.

ಉಳಿದ ಮೋಸಗಳೂ ಇದೇ ಬೇರಿನ ಕೊಂಬೆಗಳು. 'ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ ಕಡಿತವಾಗುತ್ತದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ', 'ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್', 'ಕ್ರೆಡಿಟ್ ಕಾರ್ಡಿನ ಅಂಕಗಳು ಇಂದೇ ರದ್ದು': ಎಲ್ಲದರಲ್ಲಿಯೂ 'ಇಂದೇ', 'ಈಗಲೇ' ಎಂಬ ಮಾತು ಇರುತ್ತದೆ. ಮದುವೆಯ ಆಮಂತ್ರಣವೆಂದು ವಾಟ್ಸ್‌ಆ್ಯಪ್‌ಗೆ ಬರುವ 'ಎಪಿಕೆ' ಕಡತವನ್ನು ತೆರೆದು ಸ್ಥಾಪಿಸಿದರೆ ಫೋನಿಗೆ ಬರುವ ಸಂದೇಶಗಳೆಲ್ಲ ಕಳ್ಳರ ಕಣ್ಣಿಗೆ ಬೀಳಬಹುದು. ನಿಜವಾದ ಬೀಗರು ಚಿತ್ರವನ್ನೋ ಪಿಡಿಎಫ್ ಅನ್ನೋ ಕಳುಹಿಸುತ್ತಾರೆ, ಇಲ್ಲವೇ ಎಲೆಯಡಿಕೆಯೊಂದಿಗೆ ಮನೆಗೇ ಬರುತ್ತಾರೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಎಂದಿಗೂ ಬೇಡ. ಒಟಿಪಿ, ಪಿನ್, ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ, ಇವನ್ನು ಬ್ಯಾಂಕಿನವರು ಕೇಳುವುದಿಲ್ಲ. ಬ್ಯಾಂಕಿಗೆ ಕರೆ ಮಾಡಬೇಕಾದರೆ ಗೂಗಲ್‌ನಲ್ಲಿ ಹುಡುಕಿದ ಸಂಖ್ಯೆ ಬೇಡ; ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾದ ಸಂಖ್ಯೆಯೇ ಸರಿ. ವಿದೇಶದಲ್ಲಿ ಖರೀದಿಸುವವರಲ್ಲದಿದ್ದರೆ ಕಾರ್ಡಿನ ವಿದೇಶಿ ಬಳಕೆಯನ್ನೂ, ಬೇಡವಾದರೆ ಆನ್‌ಲೈನ್ ಬಳಕೆಯನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಮುಚ್ಚಿಡಬಹುದು. ಈ ಸೌಲಭ್ಯವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿಯೇ ಆದೇಶಿಸಿದೆ. ಆಧಾರ್‌ನ ಬೆರಳಚ್ಚಿಗೂ ಬೀಗ ಹಾಕಿಡಬಹುದು. ಫೋನಿಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗಾಗುವಷ್ಟೇ ಇರಲಿ. ಶ್ರೀಮಠದ ದಾಸೋಹಕ್ಕೆಂದು ಯಾರಾದರೂ ಫೋನಿನಲ್ಲಿ ಹಣ ಕೇಳಿದರೂ ಮಠದ ಕಚೇರಿಯಲ್ಲಿ ವಿಚಾರಿಸಿದ ಹೊರತು ಕಳುಹಿಸಬೇಡಿರಿ. ಭಕ್ತಿಗೆ ಅದರಿಂದ ಕುಂದಿಲ್ಲ.

ಭಯದಿಂದ ಸೆಳೆಯಲಾಗದವರನ್ನು ಆಸೆಯಿಂದ ಸೆಳೆಯುತ್ತಾರೆ. ಷೇರು ವ್ಯವಹಾರದ ಗುಂಪಿಗೆ ಸೇರಿಸಿ, ಮೊದಲು ಸ್ವಲ್ಪ ಲಾಭ ತೋರಿಸಿ, ಬಳಿಕ ಬುಡವನ್ನೇ ಕೀಳುವ ಜಾಲಕ್ಕೆ ನಿವೃತ್ತರೂ ಯುವಕರೂ ಬೀಳುತ್ತಿದ್ದಾರೆ. ಪತಿಯು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮ್ಮ ಪಾಲಿನದಲ್ಲವೆಂದು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಹಣ ಹೋದುದು ಗೊತ್ತಾದ ಮೇಲೆ ಒಂದು ಗಳಿಗೆಯನ್ನೂ ವ್ಯರ್ಥ ಮಾಡಬಾರದು. ಇಡೀ ಲೇಖನದಲ್ಲಿ ಅವಸರ ಮಾಡಿರೆಂದು ನಾವು ಹೇಳುವುದು ಈ ಒಂದು ಕಡೆ ಮಾತ್ರ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುತ್ತದೆ. ಕೊನೆಯವನು ಅದನ್ನು ತೆಗೆದುಕೊಳ್ಳುವ ಮುನ್ನ ತಡೆಯಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಯ ಸಂಖ್ಯೆ 1930. ಜೊತೆಗೆ ಬ್ಯಾಂಕಿಗೂ ತಿಳಿಸಿ ಕಾರ್ಡನ್ನು ನಿಲ್ಲಿಸಬೇಕು, ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ದೂರು ಕೊಡಬೇಕು. ಸಂದೇಶಗಳನ್ನು ಅಳಿಸಬಾರದು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, ಅದು ತಿಳಿದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟವು ಗ್ರಾಹಕನದಲ್ಲ. ಒಟಿಪಿಯನ್ನು ತಾನೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಎರಡೂ ಸಂದರ್ಭಗಳಲ್ಲಿ ಬೇಗ ತಿಳಿಸಿದವನಿಗೇ ಲಾಭ. ಇನ್ನೊಂದು ಎಚ್ಚರ: ಕೆಲವು ದಿನಗಳ ಬಳಿಕ 'ಹೋದ ಹಣವನ್ನು ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ' ಎಂದು ಕರೆ ಬಂದರೆ ಅದು ಎರಡನೆಯ ಮೋಸ.

ಬೇಗ ತಿಳಿಸುವುದಕ್ಕೆ ಅಡ್ಡ ಬರುವುದು ನಾಚಿಕೆ. ಅದಕ್ಕಾಗಿಯೇ ನಾವು ಓಸ್ವಾಲ್ ಅವರ ವಿಚಾರವನ್ನು ಮೇಲೆ ಹೇಳಿದ್ದು. 2025ರ ಮಾರ್ಚ್‌ನಲ್ಲಿ ನಮ್ಮದೇ ನಾಡಿನ ಬೆಳಗಾವಿ ಜಿಲ್ಲೆಯಲ್ಲಿ, ಇಂತಹ ಕರೆಗಳ ಬೆದರಿಕೆಗೆ ಸಿಲುಕಿ ಲಕ್ಷಾಂತರ ರೂಪಾಯಿ ಕಳೆದುಕೊಂಡ ವೃದ್ಧ ದಂಪತಿಗಳು ತಮ್ಮ ಪ್ರಾಣವನ್ನೇ ತೆಗೆದುಕೊಂಡರು. ಆ ಸುದ್ದಿಯನ್ನು ಓದಿದ ದಿನ ನಮಗೆ ಬಹಳ ಹೊತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಕ್ಕಳಲ್ಲಿ, ಸೊಸೆಯಂದಿರಲ್ಲಿ, ಅಳಿಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಹಿರಿಯರು ಬಾಯಿಬಿಟ್ಟ ದಿನ 'ಇಷ್ಟೂ ತಿಳಿಯಲಿಲ್ಲವೇ' ಎನ್ನಬೇಡಿರಿ. ಆ ಮಾತು ಅವರು ತಮಗೆ ತಾವೇ ನೂರು ಸಲ ಹೇಳಿಕೊಂಡದ್ದು. ಪಕ್ಕದಲ್ಲಿ ಕುಳಿತು 1930ಕ್ಕೆ ನೀವೇ ಕರೆ ಮಾಡಿರಿ, ಠಾಣೆಗೆ ಜೊತೆಯಲ್ಲಿ ಹೋಗಿರಿ, ಕೆಲವು ರಾತ್ರಿ ಅವರ ಕೋಣೆಯಲ್ಲಿಯೇ ಮಲಗಿರಿ. ಮಾತು ನಿಲ್ಲಿಸಿದರೆ, ಊಟ ಬಿಟ್ಟರೆ, 'ಇನ್ನು ಇದ್ದೇನು' ಎಂದರೆ ಅದನ್ನು ಬರಿಯ ಬೇಸರವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿರಿ. ಟೆಲಿ-ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416, ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಔಷಧದ ಮಾತು ಕೊನೆಗೆ ಬಂದಿತು. ಅಂಗಾಲಿಗೂ ನೆತ್ತಿಗೂ ಎಳ್ಳೆಣ್ಣೆ ತಿಕ್ಕುವುದು, ಉಗುರುಬೆಚ್ಚನೆಯ ನೀರಿನ ಸ್ನಾನ, ರಾತ್ರಿ ಹಗುರವಾದ ಬಿಸಿ ಊಟ, ಮಲಗುವ ಕೋಣೆಯಿಂದ ಫೋನನ್ನು ಹೊರಗಿಡುವುದು, ಇವು ಕೆರಳಿದ ವಾತವನ್ನು ಶಮನಗೊಳಿಸಲು ನೆರವಾಗುತ್ತವೆ. ಅಶ್ವಗಂಧ, ಬ್ರಾಹ್ಮಿಗಳನ್ನು ಯಾರೋ ಹೇಳಿದರೆಂದು ತಾವಾಗಿಯೇ ನುಂಗುವುದು ಬೇಡ. ಥೈರಾಯ್ಡ್, ಮಧುಮೇಹ, ರಕ್ತದೊತ್ತಡಗಳಿಗೆ ಮಾತ್ರೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಒತ್ತಡದ, ಸಕ್ಕರೆಯ ಮಾತ್ರೆಗಳನ್ನು ಎಷ್ಟೇ ದುಃಖವಿರಲಿ ತಪ್ಪಿಸಬಾರದು. ಆ ಮಾತ್ರೆಗಳ ಡಬ್ಬಿಯ ಮುಚ್ಚಳದ ಮೇಲೆಯೇ 1930, 14416 ಎಂಬ ಎರಡು ಸಂಖ್ಯೆಗಳನ್ನು ಇಂದು ಮೊಮ್ಮಕ್ಕಳ ಕೈಯಿಂದ ಬರೆಯಿಸಿ ಇಟ್ಟುಕೊಳ್ಳಿರಿ. ಅಕ್ಷರ ದಪ್ಪಗಿರಲಿ, ಕನ್ನಡಕವಿಲ್ಲದೆಯೂ ಓದಲು ಬರುವಂತಿರಲಿ.