ಕಫವೋ ಜೊಲ್ಲೋ: ನ್ಯುಮೋನಿಯಾ ಪಾಠದಲ್ಲಿ ಬಿಟ್ಟುಹೋದ ಪ್ರಶ್ನೆ

ಆದಿತ್ಯನಗರದ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ನಡೆದಿತ್ತು. ನಮ್ಮ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ 'ಕಫದಲ್ಲಿ ಬ್ಯಾಕ್ಟೀರಿಯಾ ಕಂಡರೆ ನ್ಯುಮೋನಿಯಾ' ಎಂದು ಬರೆದರು. ಹಿಂದಿನ ಬೆಂಚಿನ ಹುಡುಗಿ ಎದ್ದು, "ನಮ್ಮ ಬಾಯಾಗೂ ಬ್ಯಾಕ್ಟೀರಿಯಾ ಇರ್ತಾವಲ್ರಿ ಸರ್, ಮತ್ತ ನಮಗ್ಯಾಕ ನ್ಯುಮೋನಿಯಾ ಇಲ್ಲ?" ಎಂದಳು. ಅದು ಮೇಲಿನ ತರಗತಿಯ ವಿಷಯ ಎಂದು ಹೇಳಿ ಅವರು ಮುಂದೆ ಸಾಗಿದರು. ನಾನು ವೀಕ್ಷಣಾ ಪತ್ರದಲ್ಲಿ 'ವಿಷಯ ನಿರೂಪಣೆ ಉತ್ತಮ' ಎಂದು ಷರಾ ಬರೆದೆ. ಆ ಷರಾ ತಪ್ಪು. ಪಾಠದ ತಿರುಳು ಇದ್ದದ್ದೇ ಆ ಪ್ರಶ್ನೆಯಲ್ಲಿ.

ನ್ಯುಮೋನಿಯಾ ಇದೆಯೇ ಎಂಬುದನ್ನು ವೈದ್ಯರು ಉಸಿರಾಟದ ವೇಗ, ಸ್ಟೆತಾಸ್ಕೋಪಿನಲ್ಲಿ ಕೇಳುವ ಸದ್ದು, ಎದೆಯ ಎಕ್ಸ್‌ರೇ ಇವುಗಳಿಂದ ತಿಳಿಯುತ್ತಾರೆ. ಅದಕ್ಕೆ ಕಾರಣ ಯಾವ ಜೀವಿ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವುದು ಪ್ರಯೋಗಾಲಯದ ಕೆಲಸ. ತೊಡಕು ಇಲ್ಲಿಯೇ. ಮುಖ್ಯ ಕಾರಣಗಳಲ್ಲೊಂದಾದ ನ್ಯುಮೋಕಾಕಸ್ ಆರೋಗ್ಯವಂತ ಮಕ್ಕಳ ಮೂಗು, ಗಂಟಲುಗಳಲ್ಲೂ ತೊಂದರೆ ಕೊಡದೆ ಇರುತ್ತದೆ. ಕಫ ಹೊರಬರುವುದೂ ಅದೇ ದಾರಿಯಿಂದ.

ಆದ್ದರಿಂದ ಮಾದರಿ ಎಲ್ಲಿಂದ ಬಂದದ್ದು ಎಂಬುದನ್ನು ಮೊದಲು ನೋಡಬೇಕು. ಲೇಪವನ್ನು 100 ಪಟ್ಟು ವರ್ಧನೆಯಲ್ಲಿ ನೋಡಿದಾಗ, ಒಂದು ದೃಷ್ಟಿಕ್ಷೇತ್ರದಲ್ಲಿ ಕೀವಿನ ಕೋಶಗಳು 25ಕ್ಕಿಂತ ಹೆಚ್ಚು, ಬಾಯಿಯ ಒಳಪದರದ ಚಪ್ಪಟೆ ಕೋಶಗಳು 10ಕ್ಕಿಂತ ಕಡಿಮೆ ಇದ್ದರೆ ಅದನ್ನು ಒಳ್ಳೆಯ ಕಫವೆಂದು ಎಣಿಸುತ್ತಾರೆ. ಚಪ್ಪಟೆ ಕೋಶಗಳೇ ತುಂಬಿದ್ದರೆ ಅದು ಬಹುಪಾಲು ಜೊಲ್ಲು. ಇನ್ನೊಂದು ಮಾದರಿ ಕೇಳುತ್ತಾರೆ. ರೋಗಿ ಬಾಯಿ ಮುಕ್ಕಳಿಸಿ, ಆಳವಾಗಿ ಕೆಮ್ಮಿ ಕಫ ತೆಗೆಯಬೇಕು. ಸಾಧ್ಯವಾದರೆ ಆಂಟಿಬಯೋಟಿಕ್ ಶುರುವಾಗುವ ಮೊದಲೇ. ಪಠ್ಯಪುಸ್ತಕಗಳು ಈ ಹಂತವನ್ನು ಹಾರಿ ನೇರವಾಗಿ ಬಣ್ಣಕ್ಕೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಬಣ್ಣದ ಕಥೆ ಮಕ್ಕಳಿಗೆ ಹಿಡಿಸುತ್ತದೆ. ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ರೂಪಿಸಿದ್ದೇ ಬರ್ಲಿನ್‌ನಲ್ಲಿ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳ ಮೇಲೆ. ಈಗ ಕ್ರಿಸ್ಟಲ್ ವಯಲೆಟ್, ಅಯೋಡಿನ್, ಆಲ್ಕೋಹಾಲ್, ಸ್ಯಾಫ್ರನಿನ್ ಈ ಕ್ರಮದಲ್ಲಿ ಬಳಸುತ್ತಾರೆ. ನ್ಯುಮೋಕಾಕಸ್ ನೇರಳೆ ಬಣ್ಣದ ಜೋಡಿಗಳಾಗಿಯೂ ಕ್ಲೆಬ್ಸಿಯೆಲ್ಲಾ ಗುಲಾಬಿ ಕಡ್ಡಿಗಳಾಗಿಯೂ ಕಾಣುತ್ತವೆ. ಕೋಶಭಿತ್ತಿಯೇ ಇಲ್ಲದ ಮೈಕೋಪ್ಲಾಸ್ಮಾ ಇದರಲ್ಲಿ ಸಿಗುವುದಿಲ್ಲ.

ಗುರುತು ಖಚಿತಪಡಿಸಲು ರಕ್ತ ಬೆರೆಸಿದ ಅಗಾರ್ ಮೇಲೆ ಕಲ್ಚರ್ ಮಾಡುತ್ತಾರೆ. ಮರುದಿನ ಹಸಿರು ಛಾಯೆಯ ವಲಯವಿರುವ ಕಾಲೊನಿಗಳು ಕಂಡರೂ ಸಾಲದು, ಬಾಯಿಯ ಸಾಮಾನ್ಯ ಸ್ಟ್ರೆಪ್ಟೊಕಾಕಸ್‌ಗಳೂ ಹಾಗೆಯೇ ಬೆಳೆಯುತ್ತವೆ. ಆಪ್ಟೋಚಿನ್ ಬಿಲ್ಲೆಯ ಸುತ್ತ ನ್ಯುಮೋಕಾಕಸ್ ಸಾಮಾನ್ಯವಾಗಿ ಬೆಳೆಯದು, ಉಳಿದವು ಬೆಳೆಯುತ್ತವೆ. ರಕ್ತದಲ್ಲಿ ನ್ಯುಮೋಕಾಕಸ್ ಸಿಕ್ಕರೆ ಅದು ಗಟ್ಟಿ ಸಾಕ್ಷ್ಯ. ಆದರೆ ಬಹುಪಾಲು ರೋಗಿಗಳ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ; ಹಾಗೆಂದು ರೋಗವಿಲ್ಲ ಎನ್ನಲಾಗದು.

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಪಾಠಯೋಜನೆ ತಿದ್ದಿ ಬಂದರು. ನಿಜವಾದ ಕಫವನ್ನು ತರಗತಿಗೆ ತರಲೇಬಾರದು. ಅವರು ಹಲಗೆಯ ಮೇಲೆ ಎರಡು ವೃತ್ತ ಬರೆದು, ಒಂದರಲ್ಲಿ ಕೀವಿನ ಕೋಶ, ಇನ್ನೊಂದರಲ್ಲಿ ಚಪ್ಪಟೆ ಕೋಶ ತುಂಬಿದರು. ಎರಡರಲ್ಲೂ ಬ್ಯಾಕ್ಟೀರಿಯಾ ಇಟ್ಟರು. "ಯಾವುದನ್ನು ವಾಪಸ್ ಕಳಿಸ್ತೀರಿ?" ಸಿಮೆಂಟ್ ಕಾರ್ಖಾನೆಯ ಊರಿನ ಹುಡುಗನೊಬ್ಬ ಧೂಳಿನ ಕೆಮ್ಮು ಯಾವ ವೃತ್ತಕ್ಕೆ ಸೇರುತ್ತದೆ ಎಂದು ಕೇಳಿದ. ಹಿಂದಿನ ಬೆಂಚಿನ ಹುಡುಗಿ ಮಾತ್ರ ಎದ್ದು ಬಂದು ಎರಡನೆಯ ವೃತ್ತದ ಮೇಲೆ ಬೆರಳಿಟ್ಟಳು: "ಇದು ಬರೇ ಉಗುಳು ಐತ್ರಿ ಸರ್."