ಕೊಬ್ಬಿನ ಹನಿಯ ಮೇಲೆ ಠಿಕಾಣಿ

ಕಣ್ಣಿಗೆ ಬೀಳುವ ಮೊದಲೇ ಹೆಸರು ಪಡೆದ ವೈರಸ್ ಇದು. 1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್, ರಕ್ತ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಲಿವರ್ ಉರಿಯೂತ ಬರುವುದನ್ನು ಗಮನಿಸುತ್ತ ಬಂದರು. ಪರೀಕ್ಷಿಸಿದರೆ ಹೆಪಟೈಟಿಸ್ ಎ ಅಲ್ಲ, ಬಿಯೂ ಅಲ್ಲ. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು, ಸೋಂಕು ತಗುಲಿದ ಚಿಂಪಾಂಜಿಯ ರಕ್ತದಿಂದ ಅದರ ಆನುವಂಶಿಕ ತುಣುಕೊಂದನ್ನು ಹಿಡಿದು ಹೆಪಟೈಟಿಸ್ ಸಿ ಎಂದು ಕರೆದರು.

ಕುಟುಂಬ ಡೆಂಗಿಯದ್ದೇ. ಆದರೆ ಇದಕ್ಕೆ ಸೊಳ್ಳೆಯ ಹಂಗಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಸಾಕು. ದಾಟಿದ ಮೇಲೆ ಲಿವರ್ ಸೇರುತ್ತದೆ. ಹಲವರಲ್ಲಿ ದಶಕಗಳ ಕಾಲ ಸದ್ದಿಲ್ಲ.

ಇದರ ನಡವಳಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಷ. ಸೋಂಕಿತರ ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಪದರ ಪದರವಾಗಿ ಬೇರ್ಪಡಿಸಿದರೆ, ಸೋಂಕು ಹರಡಲು ಗಟ್ಟಿಗರಾದ ವೈರಸ್ಸುಗಳು ತಳಕ್ಕಿಳಿಯದೆ ಮೇಲೆ, ಕೊಬ್ಬಿನ ಕಣಗಳ ಜೊತೆಯಲ್ಲೇ ತೇಲುತ್ತವೆ. ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣಗಳ ಪ್ರೋಟೀನನ್ನೇ ಮೈಗೆ ಹೊದ್ದಿರುತ್ತವೆ. ಜಿಡ್ಡಿನ ಊಟವಾದ ಸ್ವಲ್ಪ ಹೊತ್ತಿಗೆ ಹೀಗೆ ಹಗುರಾದ ವೈರಸ್ಸುಗಳ ಸಂಖ್ಯೆ ಏರುವುದನ್ನೂ ಕಂಡವರಿದ್ದಾರೆ. ನಾವು ಉಂಡದ್ದರಲ್ಲಿ ಅದರ ಉಡುಪೂ ಇದೆ!

ಲಿವರಿನ ಜೀವಕೋಶಕ್ಕೆ ನುಗ್ಗಲು ಅದು ಬಳಸುವ ಬಾಗಿಲುಗಳಲ್ಲಿ ಕೆಲವು ಕೊಲೆಸ್ಟ್ರಾಲ್ ಒಳಬರಲು ಇರುವಂಥವು. ಒಳಗೆ ಹೊಕ್ಕ ಮೇಲೆ ಹೊಸ ವೈರಸ್ಸುಗಳ ಜೋಡಣೆ ನಡೆಯುವುದು ಕೋಶದಲ್ಲಿ ಶೇಖರವಾದ ಕೊಬ್ಬಿನ ಹನಿಗಳ ಅಂಚಿನಲ್ಲಿ. ಹೊರಡುವಾಗಲೂ ಲಿವರು ರಕ್ತಕ್ಕೆ ಕೊಬ್ಬು ಕಳಿಸುವ ದಾರಿಯನ್ನೇ ಹಿಡಿಯುತ್ತವೆ. ಮಾವಿನ ಕೊಂಬೆಗೆ ಹತ್ತಿದ ಬಂದಳಿಕೆ ಮರದ ನೀರಿನ ನಾಳಕ್ಕೇ ಬೇರು ಇಳಿಸಿದ ಹಾಗೆ.

ಹಾಗಾಗಿ ಸೋಂಕಿತರಲ್ಲಿ ಕೊಬ್ಬು, ಸಕ್ಕರೆಗಳ ಲೆಕ್ಕ ತಪ್ಪಿದರೆ ನನಗದು ರೋಗದ ಅಡ್ಡಪರಿಣಾಮವಾಗಿ ಕಾಣುವುದಿಲ್ಲ. ವೈರಸ್ಸಿನ ಬದುಕಿನ ಕ್ರಮವೇ ಅದು. ಇದರ ತಳಿಗಳಲ್ಲಿ ಮೂರನೆಯದು, ಭಾರತದಲ್ಲಿ ಹೆಚ್ಚು ಕಾಣುವಂಥದ್ದು, ಕೊಬ್ಬು ಹೊರಹೋಗದಂತೆ ಲಿವರಿನಲ್ಲೇ ತಡೆಯುತ್ತದೆ. ಕುಡಿಯದವರ, ತೆಳ್ಳಗಿನವರ ಲಿವರಿನಲ್ಲೂ ಕೊಬ್ಬು ತುಂಬುತ್ತದೆ. ಇತ್ತ ರಕ್ತದ ವರದಿಯಲ್ಲಿ ಕೊಲೆಸ್ಟ್ರಾಲ್ ತಗ್ಗಿರುತ್ತದೆ. ನೋಡಿ ಖುಷಿಪಡುವಂಥ ಅಂಕಿ, ನಂಬುವಂಥದ್ದಲ್ಲ.

ಸಕ್ಕರೆಯ ಕತೆ ಇನ್ನೂ ಜಟಿಲ. ವೈರಸ್ಸಿನ ಪ್ರೋಟೀನೊಂದು ಜೀವಕೋಶದೊಳಗೆ ಇನ್ಸುಲಿನ್ ಸಂದೇಶವನ್ನು ಮುಂದಕ್ಕೆ ಸಾಗಿಸುವ ಕೊಂಡಿಯನ್ನು ಮುರಿಯುತ್ತದೆ. ಇನ್ಸುಲಿನ್ ಸಾಕು ಎಂದರೂ ಲಿವರು ಕೇಳದೆ ರಕ್ತಕ್ಕೆ ಸಕ್ಕರೆ ಸುರಿಯುತ್ತಲೇ ಇರುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ನಲವತ್ತು ದಾಟಿದ ಸೋಂಕಿತರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಸಂಭವ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಕಂಡಿತು. ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟಲಾಗದು: ಬೊಜ್ಜು, ವಯಸ್ಸು, ಮನೆತನ ಇವೆ, ಲಿವರು ಗಂಟುಗಟ್ಟಿ ಸಿರೋಸಿಸ್ ಆದರೆ ಅದೊಂದೇ ಸಕ್ಕರೆ ಏರಿಸಬಲ್ಲದು. ಸಕ್ಕರೆಯೂ ಸುಮ್ಮನಿರುವುದಿಲ್ಲ, ಲಿವರಿನ ಕಲೆಗಟ್ಟುವಿಕೆಯನ್ನು ಬೇಗ ಬೇಗ ಮುಂದಕ್ಕೆ ತಳ್ಳುತ್ತದೆ.

ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಯಲ್ಲಿ ವೈರಸ್ ಪೂರ್ತಿ ತೊಲಗುತ್ತದೆ. ಆಮೇಲಿನ ಬದಲಾವಣೆ ನೋಡುವಂಥದ್ದು. ಮೂರನೆಯ ತಳಿ ತುಂಬಿಸಿದ್ದ ಕೊಬ್ಬು ಬಹುಮಟ್ಟಿಗೆ ಇಳಿಯುತ್ತದೆ, ಹೊಟ್ಟೆ ಬೊಜ್ಜಿನಿಂದ ಬಂದದ್ದು ಜಾಗ ಬಿಡುವುದಿಲ್ಲ. ಹಿಡಿದಿಟ್ಟ ಕೊಲೆಸ್ಟ್ರಾಲ್ ರಕ್ತದಲ್ಲಿ ಮೇಲೇರುತ್ತದೆ. ಹೃದಯಕ್ಕಿರುವ ಅಪಾಯದ ಲೆಕ್ಕ ಮತ್ತೆ ಹಾಕಬೇಕು. ಇನ್ಸುಲಿನ್ ಮಾತನ್ನು ಲಿವರು ಮತ್ತೆ ಕೇಳತೊಡಗಿದಾಗ, ಹಳೆಯ ಪ್ರಮಾಣದಲ್ಲೇ ಸಕ್ಕರೆ ಕಾಯಿಲೆಯ ಔಷಧಿ ನಡೆಯುತ್ತಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ವೈರಸ್ಸಿನ ಮಾತ್ರೆ ಶುರುವಾದ ವಾರದಿಂದಲೇ ಸಕ್ಕರೆಯನ್ನು ಪದೇ ಪದೇ ಅಳೆಯಲು ವೈದ್ಯರು ಹೇಳುತ್ತಾರೆ.