ಬಂಡೆ ಏರುವ ಜೀಪುಗಳು: ಒಂದು ದುಬಾರಿ ಹವ್ಯಾಸವೂ ಅದರ ಹಿಂದಿನ ಸಣ್ಣ ಉದ್ದಿಮೆಯೂ

ವರ್ಷಾಂತ್ಯದ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ನಮ್ಮ ಕಕ್ಷಿದಾರರೊಬ್ಬರ ಪುಸ್ತಕದಲ್ಲಿ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಡಿ ರೂ. 4.60 ಲಕ್ಷ ವೆಚ್ಚ ಬರೆದಿರುವುದು ಕಂಡುಬಂದಿತು. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಅವರ ಘಟಕದಲ್ಲಿ ಇರುವುದು ಎರಡು ಸರಕು ವಾಹನ ಮತ್ತು ಒಂದು ಹಳೆಯ ಜೀಪು ಮಾತ್ರ. ಬಿಲ್ಲುಗಳನ್ನು ತರಿಸಿ ನೋಡಿದರೆ ಒಂದರಲ್ಲಿ ‘ಲಾಕರ್ – 2’ ಎಂದಿತ್ತು. ನಾನು ಅದನ್ನು ತಿಜೋರಿ ಎಂದೇ ಭಾವಿಸಿ, ಪೀಠೋಪಕರಣ ಖಾತೆಗೆ ವರ್ಗಾಯಿಸುವಂತೆ ನಮ್ಮ ಸಹಾಯಕನಿಗೆ ಸೂಚಿಸಿದ್ದೆ. “ಸಾರ್, ಅದು ದುಡ್ಡು ಇಡೋ ಲಾಕರ್ ಅಲ್ಲ, ಜೀಪಿನ ಆಕ್ಸಲ್ ಒಳಗೆ ಕೂರೋದು” ಎಂದು ಅವರು ನಕ್ಕರು. ಆ ಮಾತಿನಿಂದ ಆರಂಭವಾದ ವಿಚಾರಣೆಯೇ ಈ ಲೇಖನಕ್ಕೆ ಕಾರಣ. ಅವರು ಈ ಹವ್ಯಾಸವನ್ನೇ ಉತ್ಪಾದನೆಯ ಹೊಸ ಶಾಖೆಯನ್ನಾಗಿಸುವ ಆಲೋಚನೆಯಲ್ಲಿದ್ದರು. ಇಂತಹ ಆಲೋಚನೆ ಇತರ ಸದಸ್ಯರಿಗೂ ಬರಬಹುದಾದ್ದರಿಂದ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸಿದ್ದೇನೆ.

ನಿಧಾನವೇ ಇಲ್ಲಿನ ಸಾಧನೆ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ‘ರಾಕ್ ಕ್ರಾಲಿಂಗ್’ ಎಂದು ಕರೆಯಲಾಗುವ ಈ ಹವ್ಯಾಸವು ಮೋಟಾರು ಕ್ರೀಡೆಗಳ ಪೈಕಿ ವಿಚಿತ್ರವಾದುದು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಮನುಷ್ಯನು ಕೈಯೂರಿ ಹತ್ತಬೇಕಾದ ಬಂಡೆಗಳ ಮೇಲೆ, ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ವಾಹನವನ್ನು ಹತ್ತಿಸಿ ಇಳಿಸುವುದೇ ಆಟ. 1990ರ ದಶಕದ ಕೊನೆಯಿಂದ ಇದಕ್ಕೆ ಕ್ರಮಬದ್ಧ ಸ್ಪರ್ಧೆಗಳೂ ನಡೆಯುತ್ತ ಬಂದಿವೆ. ಬಂಡೆಗಳ ನಡುವೆ ನೆಟ್ಟ ಗುರುತುಗಳನ್ನು ತಾಗಿದರೆ, ವಾಹನವನ್ನು ಹಿಂದಕ್ಕೆ ತೆಗೆದರೆ, ಹಗ್ಗದ ನೆರವು ಪಡೆದರೆ ದಂಡಾಂಕ ಬೀಳುತ್ತದೆ. ದಂಡಾಂಕ ಕಡಿಮೆ ಇದ್ದವನೇ ವಿಜೇತ. ಚಾಲಕನಿಗೆ ತನ್ನ ಚಕ್ರದ ಅಡಿ ಏನಿದೆಯೆಂದು ಕಾಣುವುದಿಲ್ಲವಾದ್ದರಿಂದ, ಜೊತೆಗಾರನೊಬ್ಬನು ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಿಸುತ್ತಾನೆ.

ನಿಧಾನವಾಗಿ ಹೋಗುವುದಕ್ಕೆ ಇಷ್ಟೊಂದು ಖರ್ಚು ಏಕೆ ಎಂಬ ಪ್ರಶ್ನೆ ನನಗೂ ಬಂದಿತ್ತು. ಉತ್ತರ ಸರಳ ಗುಣಾಕಾರದಲ್ಲಿದೆ. ಸಾಮಾನ್ಯ ಕಾರಿನಲ್ಲಿ ಮೊದಲ ಗೇರಿನ ಅನುಪಾತ 3.5, ಅಂತಿಮ ಅನುಪಾತ 4 ಎಂದಿಟ್ಟುಕೊಂಡರೆ ಗುಣಲಬ್ಧ 14. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಚಕ್ರವು ಸುಮಾರು 57 ಸುತ್ತು ತಿರುಗುತ್ತದೆ. ವೇಗ ಗಂಟೆಗೆ ಆರು ಕಿಲೋಮೀಟರಿಗೂ ಮೇಲು. ಅದಕ್ಕಿಂತ ನಿಧಾನಿಸಬೇಕಾದರೆ ಕ್ಲಚ್ ಸುಡಬೇಕು. ಬಂಡೆ ಏರುವ ವಾಹನದಲ್ಲಾದರೋ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ ಇದ್ದು, ಅದು ಮತ್ತೆ ನಾಲ್ಕರಷ್ಟು ಇಳಿಸುತ್ತದೆ. ನಾಲ್ಕು ಗುಣಿಸು ನಾಲ್ಕು ಗುಣಿಸು ನಾಲ್ಕು, ಅಂದರೆ 64. ಅದೇ 800 ಸುತ್ತಿಗೆ ಚಕ್ರ ತಿರುಗುವುದು ಹನ್ನೆರಡೂವರೆ ಸುತ್ತು ಮಾತ್ರ. 35 ಅಂಗುಲದ ಟೈರಿದ್ದರೂ ವೇಗ ಗಂಟೆಗೆ ಎರಡು ಕಿಲೋಮೀಟರಿನ ಆಸುಪಾಸು.

ವೇಗ ಇಳಿದಷ್ಟೂ ತಿರುಚುಬಲ ಏರುತ್ತದೆ. 200 ನ್ಯೂಟನ್ ಮೀಟರ್ ಬಲದ ಸಾಧಾರಣ ಎಂಜಿನ್, ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ, ಚಕ್ರಗಳ ಬಳಿ 12,800 ಆಗುತ್ತದೆ. ಇಲ್ಲಿಯೇ ಖರ್ಚಿನ ಬೇರು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಬಲ ಹಂಚುವುದರಿಂದ, ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಇನ್ನೊಂದಕ್ಕೂ ಬಲ ಸಿಗದು. ಅದನ್ನು ಬಿಗಿದು ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಾಧನವೇ ನಮ್ಮ ಕಕ್ಷಿದಾರರ ‘ಲಾಕರ್’. ಅದನ್ನು ಕೂರಿಸಿದ ಮೇಲೆ ಒಂದು ಆಕ್ಸಲಿನ ಸಮಸ್ತ ಭಾರವೂ ನೆಲಕ್ಕೆ ಕಚ್ಚಿದ ಒಂದೇ ಶಾಫ್ಟಿನ ಮೇಲೆ ಬೀಳಬಹುದು. ಮೂಲ ಶಾಫ್ಟ್ ತುಂಡಾಗುತ್ತದೆ. ಆಗ ಕ್ರೋಮ್ ಮಾಲಿಬ್ಡಿನಂ ಉಕ್ಕಿನ ಶಾಫ್ಟ್ ಬೇಕು. ಅಮೆರಿಕದ ತಯಾರಕರು 4340 ಎಂದು ಜಾಹೀರು ಮಾಡುವ ಉಕ್ಕು ನಮ್ಮ ಲೇತಿನವರು ದಿನನಿತ್ಯ ಇಎನ್ 24 ಎಂದು ಕೊಳ್ಳುವುದಕ್ಕೆ ಬಹುಮಟ್ಟಿಗೆ ಸಮಾನವಾದುದು. ಟೈರಿನ ಗಾಳಿಯನ್ನು 10ರಿಂದ 15 ಪೌಂಡಿಗೆ ಇಳಿಸಿದರೆ ಟೈರು ಬಂಡೆಯನ್ನು ಅಂಗೈಯಂತೆ ಅಪ್ಪುತ್ತದೆ, ಆದರೆ ರಿಮ್ಮಿನಿಂದ ಕಳಚುವ ಭಯವಿರುತ್ತದೆ. ಆದ್ದರಿಂದ ಟೈರಿನ ಅಂಚನ್ನು ಬೋಲ್ಟಿನ ಬಳೆಯಿಂದ ಬಿಗಿಯುವ ವಿಶೇಷ ರಿಮ್. ವಾಹನ ಮಗುಚಿದರೆ ತಲೆ ಕಾಯಲು ಕೊಳವೆಗಳ ಪಂಜರ. ಒಂದನ್ನು ಬದಲಿಸಿದರೆ ಅದರ ಪಕ್ಕದ್ದು ಸೋಲುತ್ತದೆ. ಹೀಗೆ ಬಿಲ್ಲು ಬೆಳೆಯುತ್ತದೆ.

ಯುರೇನಿಯಂ ಹೋದ ಮೇಲೆ

ವಾಣಿಜ್ಯ ಸಂಸ್ಥೆಯ ಸದಸ್ಯರಾದ ನಮಗೆ ವಿಶೇಷ ಆಸಕ್ತಿಯ ವಿಷಯವೆಂದರೆ, ಈ ಹವ್ಯಾಸದ ಎರಡು ತವರುಗಳಲ್ಲಿಯೂ ಅದನ್ನು ಬೆಳೆಸಿದವರಲ್ಲಿ ಊರಿನ ವರ್ತಕರಿದ್ದರು.

ಯೂಟಾ ರಾಜ್ಯದ ಮೋಬ್ ಎಂಬ ಊರು 1950ರಲ್ಲಿ ಸುಮಾರು 1,300 ಜನರ ಹಳ್ಳಿ. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂಗರ್ಭಶಾಸ್ತ್ರಜ್ಞ ಸಮೀಪದಲ್ಲಿ ಶ್ರೀಮಂತ ಯುರೇನಿಯಂ ನಿಕ್ಷೇಪವನ್ನು ಕಂಡುಹಿಡಿದನು. ಅಣುಶಕ್ತಿಗಾಗಿ ಸರ್ಕಾರವೇ ಖರೀದಿಗೆ ನಿಂತಿದ್ದ ಕಾಲವದು. 1960ರ ವೇಳೆಗೆ ಜನಸಂಖ್ಯೆ 4,600 ಮೀರಿತ್ತು. ಅದಿರು ಹುಡುಕಲು ಬಂದವರು ಯುದ್ಧಾನಂತರ ಅಗ್ಗವಾಗಿ ದೊರೆಯುತ್ತಿದ್ದ ಸೈನ್ಯದ ಜೀಪುಗಳಲ್ಲಿ ಮರಳುಗಲ್ಲಿನ ಗುಡ್ಡಗಳ ಮೇಲೆಲ್ಲ ದಾರಿ ಮಾಡಿದರು. ಆ ಕಲ್ಲಿಗೆ ‘ಜಾರುಬಂಡೆ’ ಎಂಬರ್ಥದ ಹೆಸರು. ಲಾಳ ಹೊಡೆದ ಕುದುರೆಗಳು ಅಲ್ಲಿ ಜಾರುತ್ತಿದ್ದುದರಿಂದ ಆ ಹೆಸರು ಬಂದಿತು. ರಬ್ಬರಿನ ಟೈರು ಮಾತ್ರ ಉಪ್ಪುಕಾಗದದ ಮೇಲೆ ನಿಂತಂತೆ ಕಚ್ಚಿ ನಿಲ್ಲುತ್ತದೆ.

ಗಣಿಗಾರಿಕೆಯ ಭರಾಟೆ ತಗ್ಗಿದ ಮೇಲೆ ಉಳಿದದ್ದು ಈ ದಾರಿಗಳು. 1967ರಲ್ಲಿ ಮೋಬ್‌ನ ವಾಣಿಜ್ಯ ಸಂಸ್ಥೆಯು ಈಸ್ಟರ್ ಹಬ್ಬದ ಸಮಯದಲ್ಲಿ ಒಂದು ದಿನದ ಜೀಪು ಸವಾರಿಯನ್ನು ಏರ್ಪಡಿಸಿತು. ಹೊರಗಿನವರು ಬರಲಿ, ಊಟ ಮಾಡಲಿ, ಪೆಟ್ರೋಲು ಹಾಕಿಸಲಿ ಎಂಬ ವರ್ತಕರ ಲೆಕ್ಕಾಚಾರಕ್ಕಿಂತ ಹೆಚ್ಚಿನ ಆದರ್ಶ ಅದರ ಹಿಂದೆ ಇತ್ತೆಂದು ನನಗೆ ಅನಿಸುವುದಿಲ್ಲ. ಅದರಲ್ಲಿ ತಪ್ಪೂ ಇಲ್ಲ. ಯುರೇನಿಯಂ ಕಾರ್ಖಾನೆ 1984ರಲ್ಲಿ ಮುಚ್ಚಿತು. ಆ ವೇಳೆಗೆ ಸವಾರಿಯ ಹೊಣೆ ಸ್ಥಳೀಯ ಜೀಪು ಸಂಘಕ್ಕೆ ಹಸ್ತಾಂತರವಾಗಿತ್ತು, ಮುಂದೆ ಅದು ಒಂಬತ್ತು ದಿನಗಳ ಉತ್ಸವವಾಯಿತು. ಜೀಪು ಕಂಪನಿಯೇ ತನ್ನ ಪ್ರಾಯೋಗಿಕ ಮಾದರಿಗಳನ್ನು ಅಲ್ಲಿಗೆ ತಂದು ಪ್ರದರ್ಶಿಸುವ ಪದ್ಧತಿ ಬೆಳೆದಿದೆ.

ಕ್ಯಾಲಿಫೋರ್ನಿಯಾದ ಜಾರ್ಜ್‌ಟೌನ್ ಇದಕ್ಕೂ ಹಿಂದಿನದು. ಅಲ್ಲಿಂದ ಟಾಹೋ ಸರೋವರದ ಕಡೆಗೆ ಸಾಗುವ ರುಬಿಕಾನ್ ಎಂಬ ಕಲ್ಲುದಾರಿಯಲ್ಲಿ 1953ರಲ್ಲಿ ಮೊದಲ ಸಾಮೂಹಿಕ ಸವಾರಿ ನಡೆದಾಗ 55 ಜೀಪುಗಳಲ್ಲಿ 155 ಜನ ಭಾಗವಹಿಸಿದ್ದರು. ಐವತ್ತು ವರ್ಷದ ತರುವಾಯ, 2003ರ ಮಾದರಿಯಲ್ಲಿ, ಜೀಪು ಕಂಪನಿಯು ಅದೇ ದಾರಿಯ ಹೆಸರಿಟ್ಟು ಎರಡೂ ಆಕ್ಸಲಿಗೆ ಲಾಕರ್ ಹಾಗೂ ನಾಲ್ಕರ ಅನುಪಾತದ ಪೆಟ್ಟಿಗೆಯುಳ್ಳ ವಾಹನವನ್ನು ಕಾರ್ಖಾನೆಯಿಂದಲೇ ಹೊರತಂದಿತು. ಹವ್ಯಾಸಿಗಳು ಮನೆಯ ಶೆಡ್ಡಿನಲ್ಲಿ ಮಾಡಿಕೊಳ್ಳುತ್ತಿದ್ದುದನ್ನು ದೊಡ್ಡ ಕಂಪನಿ ಮಾರಲಾರಂಭಿಸಿತು.

ಶೆಡ್ಡಿನಿಂದ ಷೇರುಪೇಟೆಗೆ

ಹಾಗಾದರೆ ಸಣ್ಣ ತಯಾರಕನ ಗತಿಯೇನು? ಎರಡು ಉದಾಹರಣೆ ನೋಡಬಹುದು. ಸಿಯಾಟಲ್‌ನಲ್ಲಿ ವಾರ್ನ್ ದಂಪತಿಗಳು 1948ರಲ್ಲಿ ಕೇವಲ ಒಂದು ಭಾಗದಿಂದ ಉದ್ಯಮ ಆರಂಭಿಸಿದರು. ಸೈನ್ಯದ ಜೀಪಿನ ಮುಂದಿನ ಚಕ್ರಗಳನ್ನು ಡಾಂಬರು ರಸ್ತೆಯಲ್ಲಿ ಗೇರಿನಿಂದ ಬಿಡಿಸಿಡುವ ಹಬ್ ಅದು. 1959ರಲ್ಲಿ ವಿದ್ಯುತ್ ಮೋಟಾರಿನ ರಾಟೆ, ಅಂದರೆ ವಿಂಚ್, ಹೊರಬಂದಿತು. ಇಂದು ವಿಂಚ್ ಎಂದರೆ ಆ ಹೆಸರು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1975ರಲ್ಲಿ ಆರಂಭವಾದ ಎಆರ್‌ಬಿ ಸಂಸ್ಥೆ 1987ರಲ್ಲಿ ಅಲ್ಲಿನ ಷೇರುಪೇಟೆಯನ್ನೂ ಪ್ರವೇಶಿಸಿತು; ಗಾಳಿಯ ಒತ್ತಡದಿಂದ ಬಿಗಿಯುವ ಅದರ ಲಾಕರ್ ಜಗತ್ತಿನಾದ್ಯಂತ ಹೋಗುತ್ತದೆ. ಎರಡೂ ಕಡೆ ಮೂಲ ಒಂದೇ: ದೊಡ್ಡ ಕಂಪನಿ ಮಾಡದೆ ಬಿಟ್ಟ ಒಂದು ಭಾಗವನ್ನು ಚೆನ್ನಾಗಿ ಮಾಡುವುದು. ಕಾರ್ಖಾನೆಯೇ ಲಾಕರ್ ಕೊಟ್ಟರೂ ಗ್ರಾಹಕನು ಅಲ್ಲಿಗೆ ನಿಲ್ಲುವುದಿಲ್ಲ. 33 ಅಂಗುಲದ ಟೈರಿನವನು 35 ಕೇಳುತ್ತಾನೆ, ಅವನು 37 ಕೇಳುತ್ತಾನೆ. ಪ್ರತಿ ಮೆಟ್ಟಿಲಿಗೂ ಹೊಸ ಶಾಫ್ಟ್, ಹೊಸ ಸ್ಪ್ರಿಂಗ್.

ಆದರೆ ಈ ವ್ಯಾಪಾರದ ತಳಹದಿ ಕಲ್ಲಾದರೂ ಭದ್ರವಲ್ಲ. ನೆಲ ಸರ್ಕಾರದ್ದು. ಮೋಬ್ ಸುತ್ತಲಿನ ಕಣಿವೆಗಳಲ್ಲಿ 317 ಮೈಲಿಯಷ್ಟು ವಾಹನಮಾರ್ಗವನ್ನು ಮುಚ್ಚುವ ನಿರ್ಧಾರವನ್ನು ಅಮೆರಿಕದ ಭೂ ನಿರ್ವಹಣಾ ಇಲಾಖೆ 2023ರಲ್ಲಿ ಪ್ರಕಟಿಸಿತು. 2007ರಿಂದ ‘ಕಿಂಗ್ ಆಫ್ ದಿ ಹ್ಯಾಮರ್ಸ್’ ಎಂಬ ಪ್ರಸಿದ್ಧ ಸ್ಪರ್ಧೆ ನಡೆಯುತ್ತಿರುವ ಕ್ಯಾಲಿಫೋರ್ನಿಯಾದ ಜಾನ್ಸನ್ ಕಣಿವೆಯ ದೊಡ್ಡ ಭಾಗವು ಪಕ್ಕದ ಸೈನಿಕ ನೆಲೆಯ ವಿಸ್ತರಣೆಗೆ ಹೋಯಿತು. ಮಣ್ಣಿನ ಸವಕಳಿ, ನದಿಯ ಮಾಲಿನ್ಯ, ಮೌನ ಬಯಸಿ ಬರುವ ಪಾದಚಾರಿಗಳ ಹಕ್ಕು ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ದಾಸ್ತಾನು ತುಂಬಿಟ್ಟುಕೊಂಡ ಬಿಡಿಭಾಗದ ವರ್ತಕನ ವ್ಯಾಪಾರವೂ ಇಂತಹ ಆದೇಶಗಳನ್ನೇ ಅವಲಂಬಿಸಿದೆ ಎಂಬುದನ್ನು ಮರೆಯುವಂತಿಲ್ಲ.

ನಮ್ಮಲ್ಲಿನ ಸ್ಥಿತಿ

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಜೀಪು ಹೊಸದಲ್ಲ. ಸಂಘಟಿತ ಸ್ಪರ್ಧೆಗಳೂ ಬಂದಿವೆ. ಮಳೆಗಾಲದಲ್ಲಿ ನಡೆಯುವ ‘ರೇನ್‌ಫಾರೆಸ್ಟ್ ಚಾಲೆಂಜ್’ 2014ರಲ್ಲಿ ಗೋವೆಯಲ್ಲಿ ಆರಂಭವಾಯಿತು. ಆದರೆ ನಮ್ಮದು ಬಂಡೆಗಿಂತ ಕೆಸರಿನ ಆಟ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಿಗೂ ಪೀಣ್ಯದ ಯಂತ್ರಾಗಾರಗಳಿಗೂ ಈ ಭಾಗಗಳನ್ನು ತಯಾರಿಸುವ ಸಾಮರ್ಥ್ಯವಿದೆಯೇ ಎಂದರೆ ನಿಸ್ಸಂದೇಹವಾಗಿ ಇದೆ. ತೊಡಕು ಬೇರೆ ಕಡೆ ಇದೆ.

ಮೋಟಾರು ವಾಹನ ಕಾಯಿದೆ, 1988ರ 52ನೇ ಪ್ರಕರಣದಂತೆ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವ ರೀತಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ಜನವರಿ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಅನುಮತಿಯಿಲ್ಲದೆ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000/- ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ತಯಾರಕರು ಇನ್ನೂ ಗಮನವಿಟ್ಟು ಓದಬೇಕಾದದ್ದು ಅದೇ ಪ್ರಕರಣದ ಮೂರನೆಯ ಉಪಪ್ರಕರಣ: ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾಗವನ್ನು ನಿಯಮಗಳಿಗೆ ಹೊಂದದಂತೆ ಮಾರಿದವರಿಗೆ ಒಂದು ವರ್ಷದವರೆಗೆ ಸೆರೆ, ಅಥವಾ ಪ್ರತಿ ಭಾಗಕ್ಕೆ ರೂ. ಒಂದು ಲಕ್ಷ ದಂಡ, ಅಥವಾ ಎರಡೂ. ನೂರು ಭಾಗ ಮಾರಿದವರು ಗುಣಾಕಾರವನ್ನು ತಾವೇ ಮಾಡಿಕೊಳ್ಳಬಹುದು.

ವಿಮೆಯ ವಿಷಯ ನಮ್ಮ ಕಕ್ಷಿದಾರರಿಗೆ ಅನುಭವದಿಂದಲೇ ತಿಳಿಯಿತು. ಒಂದು ತೋಟದೊಳಗಿನ ಸ್ಪರ್ಧೆಯಲ್ಲಿ ಅವರ ಜೀಪು ಮಗುಚಿ, ಪಕ್ಕದಲ್ಲಿದ್ದ ಗೆಳೆಯನ ಹೆಗಲ ಮೂಳೆ ಮುರಿಯಿತು. ಪಂಜರ ಇದ್ದುದರಿಂದ ಅಷ್ಟಕ್ಕೇ ಮುಗಿಯಿತು ಎನ್ನಬೇಕು. ವಾಹನದ ಹಾನಿಗಾಗಿ ಸಲ್ಲಿಸಿದ ಕ್ಲೇಮು ತಿರಸ್ಕೃತವಾಯಿತು. ನಮ್ಮ ಮೋಟಾರು ಪಾಲಿಸಿಗಳಲ್ಲಿ ‘ಬಳಕೆಯ ಮಿತಿ’ ಎಂಬ ಸಣ್ಣ ಅಕ್ಷರಗಳ ಭಾಗವಿದ್ದು, ಸಂಘಟಿತ ಓಟಸ್ಪರ್ಧೆ, ವೇಗಪರೀಕ್ಷೆ, ಸಾಮರ್ಥ್ಯಪರೀಕ್ಷೆಗಳನ್ನು ಅದು ಹೊರಗಿಡುತ್ತದೆ. ಜೊತೆಗೆ ಮಾರ್ಪಾಡುಗಳನ್ನು ಅವರು ತಿಳಿಸಿಯೂ ಇರಲಿಲ್ಲ. ಆಸ್ಪತ್ರೆಯ ಖರ್ಚನ್ನು ಅವರೇ ಭರಿಸಿದರು.

ಇನ್ನು ತೆರಿಗೆ. ವೆಚ್ಚವು ಸಂಪೂರ್ಣವಾಗಿ, ಕೇವಲ ವ್ಯಾಪಾರಕ್ಕಾಗಿಯೇ ಆಗಿರಬೇಕೆಂಬುದು ಆದಾಯ ತೆರಿಗೆಯ ಹಳೆಯ ನಿಯಮ. ಭಾನುವಾರದ ಜೀಪಿಗೆ ಅದು ಅನ್ವಯಿಸದು. ಸರಕು ಮತ್ತು ಸೇವಾ ತೆರಿಗೆಯ 17(5)ನೇ ಪ್ರಕರಣದನ್ವಯ ಇಂತಹ ಪ್ರಯಾಣಿಕ ವಾಹನದ ದುರಸ್ತಿಗಾಗಲಿ, ಸ್ವಂತ ಉಪಯೋಗದ ಸರಕಿಗಾಗಲಿ ಹೂಡುವಳಿ ತೆರಿಗೆ ಜಮೆ ದೊರೆಯದು. ಅವರು ಪಡೆದಿದ್ದ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಲಾಯಿತು, ರೂ. 4.60 ಲಕ್ಷವನ್ನು ಮಾಲೀಕರ ಬಂಡವಾಳ ಖಾತೆಯಲ್ಲಿ ಹಿಂತೆಗೆತವೆಂದು ಬರೆಯಲಾಯಿತು. ಮಾರಾಟಕ್ಕಾಗಿಯೇ ಭಾಗಗಳನ್ನು ತಯಾರಿಸುವುದಾದರೆ ಕಚ್ಚಾವಸ್ತುವಿನ ಮೇಲಿನ ಜಮೆಗೆ ಈ ತಡೆಯಿಲ್ಲ. ಆದುದರಿಂದ ಎರಡನ್ನೂ ಮೊದಲ ದಿನದಿಂದಲೇ ಬೇರೆ ಬೇರೆ ಪುಸ್ತಕದಲ್ಲಿ ಇಡತಕ್ಕದ್ದು.

ಹೊಸ ಶಾಖೆಯ ಬಗ್ಗೆ ನಾನು ಅವರಿಗೆ ‘ಬೇಡ’ ಎನ್ನಲಿಲ್ಲ. ಅಮೆರಿಕದಲ್ಲಿ ಪಕ್ಕಾ ಬಂಡೆ ಏರುವ ವಾಹನಗಳನ್ನು ರಸ್ತೆಗಿಳಿಸುವುದೇ ಇಲ್ಲ. ಟ್ರೇಲರಿನ ಮೇಲೆ ಹೇರಿ ಸ್ಥಳಕ್ಕೆ ಒಯ್ಯುತ್ತಾರೆ. ನಮ್ಮಲ್ಲಿಯೂ ಖಾಸಗಿ ನೆಲದಲ್ಲಿ, ಮಾಲೀಕರ ಲಿಖಿತ ಒಪ್ಪಿಗೆ ಹಾಗೂ ಪ್ರತ್ಯೇಕ ಹೊಣೆಗಾರಿಕೆ ವಿಮೆಯೊಂದಿಗೆ ನಡೆಸುವ ಕೂಟಗಳಿಗಷ್ಟೇ ಭಾಗಗಳನ್ನು ಪೂರೈಸುವುದು ಒಂದು ದಾರಿ. ಪಂಜರ ಮತ್ತು ಸ್ಟೀರಿಂಗ್ ಭಾಗಗಳನ್ನು ಸದ್ಯಕ್ಕೆ ಬಿಟ್ಟು, ತುಂಡಾದರೂ ಪ್ರಾಣಾಪಾಯವಿಲ್ಲದ ಅಡಿಗವಚದ ತಗಡುಗಳಿಂದ ಆರಂಭಿಸಲು ಸೂಚಿಸಿದ್ದೇನೆ. ಅವರು ಮೊದಲ ಇಪ್ಪತ್ತು ತಗಡುಗಳ ವೆಚ್ಚಪಟ್ಟಿ ತಯಾರಿಸಿ ತಂದರು. ಅದರಲ್ಲಿ ಉಕ್ಕು, ಲೇಸರ್ ಕತ್ತರಿಕೆ, ಬಾಗಿಸುವಿಕೆ, ಬಣ್ಣ ಎಲ್ಲವೂ ಇದ್ದವು; ತಮ್ಮ ಸ್ವಂತ ದುಡಿಮೆಯ ಗಂಟೆಗಳು ಮಾತ್ರ ಇರಲಿಲ್ಲ. ಪಟ್ಟಿಯನ್ನು ಹಿಂದಿರುಗಿಸಿದ್ದೇನೆ. ತಿದ್ದುಪಡಿಯಾದ ಪಟ್ಟಿ ಇನ್ನೂ ಬರಬೇಕಾಗಿದೆ.